ಎಲ್ಲಿ ಮಲಗಬೇಕೆಂದು ಗಾಡಿ ತೀರ್ಮಾನಿಸಬಾರದು

ಪಿಕಪ್ ಗಾಡಿಯ ಬೆನ್ನ ಮೇಲೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಇರುವ ಪುಟ್ಟ ಕೋಣೆ, ಅಂದರೆ ಕ್ಯಾಂಪರ್, ಕೂರಿಸಿಕೊಂಡು ಗಂಡ ಹೆಂಡತಿ ಇಬ್ಬರೇ ಲಡಾಖಿನ ದಾರಿ ಹಿಡಿಯುವುದು ಈಗ ಅಪರೂಪವೇನಲ್ಲ. ನಾವಿಬ್ಬರೂ ಹೊರಟಾಗ ಸಲಹೆಗಳಿಗೆ ಬರವಿರಲಿಲ್ಲ. ಕರ್ಪೂರ ಇಟ್ಟುಕೊಳ್ಳಿ ಎಂದವರಿದ್ದರು, ಹೋಟೆಲ್ ಯಾಕೆ, ಎಲ್ಲಿ ಕತ್ತಲಾಯಿತೋ ಅಲ್ಲೇ ಮಲಗಿ ಎಂದವರೂ ಇದ್ದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅದರಲ್ಲಿ ಕೆಲವು ಪ್ರಾಣಕ್ಕೇ ಎರವಾಗುವಂಥವು.

"ಅಲ್ಲಿ ಮರಗಳಿಲ್ಲ, ಅದಕ್ಕೇ ಆಮ್ಲಜನಕ ಕಡಿಮೆ"

ಬೋಳು ಬೆಟ್ಟಗಳನ್ನು ನೋಡಿದವರಿಗೆ ಹೀಗನ್ನಿಸುವುದು ಸಹಜ. ಆದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನ ಕಡಲ ದಂಡೆಯಲ್ಲೂ ಲಡಾಖಿನ ಖಾರ್ದುಂಗ್ ಲಾ ಕಣಿವೆದಾರಿಯಲ್ಲೂ ಒಂದೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಕಡಲ ಮಟ್ಟದ ಸುಮಾರು ಮೂರನೇ ಎರಡರಷ್ಟು, ಖಾರ್ದುಂಗ್ ಲಾದಲ್ಲಿ ಸರಿಸುಮಾರು ಅರ್ಧ. ಪ್ರತಿ ಉಸಿರಿಗೂ ಒಳಗೆ ಹೋಗುವ ಆಮ್ಲಜನಕವೇ ಅಷ್ಟು ಇಳಿಯುತ್ತದೆ. ಕಣಿವೆಯ ತುಂಬ ಕಾಡಿದ್ದರೂ ಈ ಲೆಕ್ಕ ಬದಲಾಗದು.

ಕರ್ಪೂರದ ಕಥೆಯೂ ಇಷ್ಟೇ. ಅದನ್ನು ಮೂಸಿದರೆ ಮೂಗಿನೊಳಗೆ ತಂಪೆನಿಸಿ ಉಸಿರು ಸಲೀಸಾದಂತೆ ಭಾಸವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡವರು ತಲೆನೋವನ್ನು ಲೆಕ್ಕಿಸದೆ ಇನ್ನೂ ಮೇಲೇರುತ್ತಾರಲ್ಲ, ನನ್ನ ಭಯ ಅದು. ದಿನಾ ಓಡುವವರಿಗೆ, ಜಿಮ್‌ಗೆ ಹೋಗುವವರಿಗೆ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಕಸುವಿದ್ದವರೇ ಬೇಗ ಬೇಗ ಹತ್ತಿ ತೊಂದರೆಗೆ ಸಿಕ್ಕಿಕೊಳ್ಳುವುದುಂಟು.

"ಹಾಸಿಗೆ ಜೊತೆಗೇ ಇದೆ, ಎಲ್ಲಿ ಬೇಕಾದರೂ ಮಲಗಬಹುದು"

ಕ್ಯಾಂಪರ್ ಇಟ್ಟುಕೊಂಡವರು ಮೊದಲು ಬಿಡಬೇಕಾದ ನಂಬಿಕೆ ಇದು. ಎತ್ತರದಲ್ಲಿ ಹಗಲು ಎಷ್ಟು ಮೇಲೆ ಹೋದಿರಿ ಎಂಬುದಕ್ಕಿಂತ ರಾತ್ರಿ ಎಷ್ಟು ಮೇಲೆ ಮಲಗಿದಿರಿ ಎಂಬುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಉಳಿಯಿರಿ ಎಂದು ಪರ್ವತ ವೈದ್ಯರು ಹೇಳುತ್ತಾರೆ.

ಈಗ ಮನಾಲಿಯ ದಾರಿ ನೋಡಿ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ರೋಹ್ತಾಂಗ್ ಕಣಿವೆದಾರಿಯ ಏರನ್ನು ತಪ್ಪಿಸಿತು, ಗಂಟೆಗಟ್ಟಲೆ ಸಮಯ ಉಳಿಸಿತು. ಅನುಕೂಲವೇ, ಆದರೆ ದೇಹಕ್ಕೆ ಸಿಗುತ್ತಿದ್ದ ಬಿಡುವೂ ಅದರ ಜೊತೆ ಹೋಯಿತು. ಬೆಳಿಗ್ಗೆ ಮನಾಲಿ ಬಿಟ್ಟವರು ಸಂಜೆಗೆ 4,290 ಮೀಟರ್ ಎತ್ತರದ ಸರ್ಚು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹೊಳೆಯ ಅಂಚು ಚೆನ್ನಾಗಿದೆ ಎಂದು ಅಲ್ಲೇ ಮಲಗಿಬಿಡುತ್ತಾರೆ. ನಡುರಾತ್ರಿ ತಲೆ ಸಿಡಿಯತೊಡಗುತ್ತದೆ, ವಾಂತಿಯಾಗುತ್ತದೆ. ಇಳಿಯೋಣವೆಂದರೆ ಇಳಿಜಾರೇ ಇಲ್ಲ: ಮನಾಲಿಯತ್ತ ಹೋಗಲು 4,890 ಮೀಟರಿನ ಬಾರಾಲಾಚಾ ಲಾ ಹತ್ತಬೇಕು, ಲೇಹ್‌ನತ್ತ ಹೋಗಲು ನಕೀ ಲಾ, ಲಾಚುಲುಂಗ್ ಲಾ, ಕೊನೆಗೆ 5,300 ಮೀಟರ್ ಮೀರಿದ ತಂಗ್ಲಾಂಗ್ ಲಾ. ಸರ್ಚುವಿನಲ್ಲಿ ಕಾಯಿಲೆ ಬಿದ್ದವರು ಕೆಳಗಿಳಿಯಲು ಮೊದಲು ಮೇಲೇರಬೇಕು.

ಆದ್ದರಿಂದ ಮೊದಲ ಸಲ ಹೋಗುವ ದಂಪತಿಗೆ ಶ್ರೀನಗರದ ದಾರಿಯನ್ನೇ ಹೇಳುತ್ತೇನೆ. ಜೋಜಿ ಲಾ 3,500 ಮೀಟರಿನ ಮೇಲಿದೆ, ನಿಜ. ಆದರೆ ಅದನ್ನು ದಾಟಿ 2,676 ಮೀಟರಿನ ಕಾರ್ಗಿಲ್‌ಗೆ ಇಳಿದು ಮಲಗಬಹುದು. ಹಿಂತಿರುಗುವಾಗ, ದೇಹ ಒಗ್ಗಿದ ಮೇಲೆ ಮನಾಲಿ ದಾರಿ. ಮನಾಲಿಯಿಂದಲೇ ಹತ್ತುವ ಹಟವಿದ್ದರೆ 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆಯಿರಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಮಾಕ್ಸ್ ಮಾತ್ರೆ ರೋಗಲಕ್ಷಣವನ್ನು ಮುಚ್ಚಿಡುತ್ತದೆ ಎಂಬ ಗುಮಾನಿ ಹಲವರಿಗಿದೆ. ಅದು ಉಸಿರಾಟವನ್ನು ಚುರುಕುಗೊಳಿಸಿ ದೇಹ ಒಗ್ಗುವುದನ್ನೇ ಬೇಗ ಮಾಡುತ್ತದೆ. ವೈದ್ಯರನ್ನು ಕೇಳದೆ ನುಂಗಬಾರದು, ಅಷ್ಟೇ.

"ಒಳಗೇ ಒಲೆ ಹಚ್ಚಿಟ್ಟರೆ ಬೆಚ್ಚಗಿರುತ್ತದೆ"

ಬೆಚ್ಚಗಿರುತ್ತದೆ, ಸುಳ್ಳಲ್ಲ. ಆದರೆ ಬಾಗಿಲು ಕಿಟಕಿ ಮುಚ್ಚಿದ ಕ್ಯಾಂಪರಿನಲ್ಲಿ ಗ್ಯಾಸ್ ಒಲೆಯಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯಾಗಲಿ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಕರಿಕೆ, ಸುಸ್ತು ಇದರ ಮೊದಲ ಲಕ್ಷಣಗಳು, ಎತ್ತರದ ಕಾಯಿಲೆಯ ಲಕ್ಷಣಗಳೂ ಅವೇ! ಮಂಪರಿನಲ್ಲಿರುವ ಇಬ್ಬರೂ "ಎತ್ತರದ್ದಿರಬೇಕು, ಬೆಳಿಗ್ಗೆ ಸರಿಹೋದೀತು" ಎಂದು ಮಗ್ಗುಲು ಬದಲಿಸಿದರೆ ಬೆಳಿಗ್ಗೆ ಏಳದೆಯೇ ಹೋಗಬಹುದು. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡುವ ಡೀಸೆಲ್ ಹೀಟರ್ ಬೇರೆ ಮಾತು. ಅದಿದ್ದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಲೆದಿಂಬಿನ ಬಳಿ ಇರಲೇಬೇಕು. ಬೆಚ್ಚಗಿರಲು ಒಳ್ಳೆಯ ರಜಾಯಿ ಸಾಕು.

ಒಲೆಯ ಮಾತು ಬಂತು. ಎತ್ತರದಲ್ಲಿ ಅನ್ನ ಬೇಯದಿರುವುದಕ್ಕೆ ಗ್ಯಾಸಿನ ಉರಿಯನ್ನು ಬೈಯಬೇಡಿ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಉರಿ ಎಷ್ಟು ಹೆಚ್ಚಿಸಿದರೂ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಸೌತೆಕಾಯಿ ಹುಳಿಗೆ ಬೇಳೆ ಬೇಯಬೇಕೆಂದರೆ ಕುಕ್ಕರ್ ಒಯ್ಯಿರಿ.

"ಫೋರ್ ವೀಲ್ ಇದ್ದರೆ ಯಾವ ನಾಲಾ ಆದರೂ ದಾಟುತ್ತದೆ"

ನಾಲ್ಕು ಚಕ್ರಕ್ಕೂ ಶಕ್ತಿ ಬಂದರೆ ಕೆಸರಿನಲ್ಲಿ ಹಿಡಿತ ಸಿಗುತ್ತದೆ, ನೀರಿನ ತಳ್ಳುವಿಕೆ ಮಾತ್ರ ಕಡಿಮೆಯಾಗದು. ರಭಸದಿಂದ ಹರಿಯುವ ಎರಡು ಅಡಿ ನೀರು ಪಿಕಪ್ಪನ್ನೂ ಎತ್ತಿಕೊಂಡು ಹೋಗಬಲ್ಲದು. ಬೆನ್ನ ಮೇಲೆ ಕೋಣೆ ಹೊತ್ತ ಗಾಡಿಯ ಭಾರ ಮೇಲ್ಗಡೆ ಇರುವುದರಿಂದ ಅದು ವಾಲುವುದೂ ಬೇಗ. ಹಿಮ ಕರಗಿ ದಾರಿಗೆ ಅಡ್ಡ ಹರಿಯುವ ಈ ನಾಲಾಗಳ ನೀರಿಗೆ ಹೊತ್ತಿನ ನಿಯಮವಿದೆ: ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು, ಬಿಸಿಲೇರಿದಂತೆ ಉಬ್ಬಿ, ಮಧ್ಯಾಹ್ನದ ಮೇಲೆ ಕಲ್ಲುಗಳನ್ನು ಉರುಳಿಸುತ್ತಾ ಬರುತ್ತದೆ. ಲಾರಿ ಡ್ರೈವರುಗಳು ನಸುಕಿಗೇ ಹೊರಡುವುದು ಇದಕ್ಕೇ. ಸಂಜೆ ತಡೆದ ನಾಲಾದ ಈಚೆಗೆ ಮಲಗಿ ಬೆಳಿಗ್ಗೆ ದಾಟುವುದರಲ್ಲಿ ಕ್ಯಾಂಪರ್ ನಿಜಕ್ಕೂ ಉಪಕಾರಿ, ಆ ಜಾಗದ ಎತ್ತರ ನಿಮಗೆ ಒಗ್ಗಿದ್ದರೆ.

"ಒಬ್ಬರಿಗೆ ಓಡಿಸಲು ಬಂದರೆ ಸಾಕು"

ಇಬ್ಬರೇ ಹೋಗುವಾಗ ಇದು ಅಪಾಯದ ಲೆಕ್ಕ. ಎತ್ತರದಿಂದ ಮಿದುಳಿಗೆ ಊತ ಬಂದವರು ತಮಗೇನೂ ಆಗಿಲ್ಲವೆಂದು ವಾದಿಸುತ್ತಾರೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ ವಾದಕ್ಕೆ ಎಡೆಯಿಲ್ಲ, ಆ ಕ್ಷಣವೇ ಇಳಿಯಬೇಕು, ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿರಬೇಕು. ಅದಕ್ಕೆ ಆ ಇನ್ನೊಬ್ಬರು ಕ್ಯಾಂಪರ್ ಹೊತ್ತ ಇದೇ ಗಾಡಿಯನ್ನು ಘಾಟಿ ಇಳಿಜಾರಿನಲ್ಲಿ, ಬ್ರೇಕನ್ನೇ ನೆಚ್ಚದೆ ಕೆಳ ಗೇರಿನಲ್ಲಿ ಇಳಿಸಿ ಅಭ್ಯಾಸ ಮಾಡಿಕೊಂಡಿರಬೇಕು. ಬೆಂಗಳೂರಿನಿಂದ ಹೊರಡುವವರಿಗೆ ಚಾರ್ಮಾಡಿ, ಆಗುಂಬೆ ಘಾಟಿಗಳಿವೆ. ಭಾರ ತುಂಬಿದ ಗಾಡಿಯನ್ನು ಅಲ್ಲಿ ಇಬ್ಬರೂ ಒಂದೊಂದು ಸಲ ಇಳಿಸಿ ನೋಡಿದ ಮೇಲೆ ಉತ್ತರದ ದಾರಿ ಹಿಡಿಯಿರಿ.