ಅಮ್ಮನ ಸುಸ್ತು ಬರೀ ‘ಗ್ಯಾಸ್’ ಅಲ್ಲದಿರಬಹುದು

ಹೃದಯಾಘಾತವೆಂದರೆ ಕಣ್ಣಮುಂದೆ ಬರುವುದು ಎಡಗೈಯಿಂದ ಎದೆ ಒತ್ತಿಕೊಂಡು ಕುಸಿಯುವ ಗಂಡಸಿನ ಚಿತ್ರ. ಹೆಂಗಸರಲ್ಲಿಯೂ ಎದೆನೋವೇ ಮುಖ್ಯ ಲಕ್ಷಣ, ನಿಜ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಅಥವಾ ಬೆನ್ನಿನ ನೋವು, ಏದುಸಿರು, ವಾಕರಿಕೆ, ತಣ್ಣನೆಯ ಬೆವರು, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಇದಕ್ಕೆ ‘ಗ್ಯಾಸ್’ ಎಂದು ಹೆಸರು. ಜೀರಿಗೆ ಕಷಾಯವೇ ಮದ್ದು.

ತಪ್ಪು ಮನೆಯವರದಷ್ಟೇ ಅಲ್ಲ. ಹೃದ್ರೋಗದ ಹಲವು ಸಂಶೋಧನೆಗಳು ಬಹುಕಾಲ ಗಂಡಸರನ್ನೇ ಆಧರಿಸಿದ್ದವು. ಗಂಡಸಿನಂತೆಯೇ ಕಾಯಿಲೆ ತೋರಿಸಿಕೊಂಡರೆ ಮಾತ್ರ ಹೆಂಗಸಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಎಂದು ಅಮೆರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿಯೇ ಎಚ್ಚರಿಸಿದ್ದರು.

ರಕ್ತಪರೀಕ್ಷೆಯೊಂದರ ಉದಾಹರಣೆ ನೋಡಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತ ಹೆಂಗಸರಲ್ಲಿ ಅದರ ಮಟ್ಟ ಗಂಡಸರಿಗಿಂತ ಕಡಿಮೆ. ಆದರೂ ಇಬ್ಬರಿಗೂ ಒಂದೇ ಅಳತೆಗೋಲು ಬಳಕೆಯಲ್ಲಿತ್ತು. ಎಡಿನ್‌ಬರೋದ ವೈದ್ಯರು ಹೆಚ್ಚು ಸೂಕ್ಷ್ಮವಾದ ಪರೀಕ್ಷೆ ಬಳಸಿ, ಲೀಟರಿಗೆ ಹೆಂಗಸರಿಗೆ 16, ಗಂಡಸರಿಗೆ 34 ನ್ಯಾನೊಗ್ರಾಂ ಎಂದು ಬೇರೆ ಬೇರೆ ಮಿತಿ ಇಟ್ಟರು. ಆಗ ಪರೀಕ್ಷೆಗೊಳಗಾದ ಹೆಂಗಸರಲ್ಲಿ ಹೃದಯಾಘಾತ ಪತ್ತೆಯಾದ ಪ್ರಮಾಣ ಶೇ. 11ರಿಂದ 22ಕ್ಕೆ ಏರಿತು. ಇದು ಪ್ರಕಟವಾದದ್ದು 2015ರಲ್ಲಿ.

ಇನ್ನೂ ಒಂದು ತೊಡಕಿದೆ. ಕೆಲವು ಹೆಂಗಸರಲ್ಲಿ ದೊಡ್ಡ ರಕ್ತನಾಳಗಳು ಚೊಕ್ಕಟವಾಗಿದ್ದು, ಸಣ್ಣ ನಾಳಗಳಲ್ಲಿ ದೋಷವಿರುತ್ತದೆ. ಆಂಜಿಯೋಗ್ರಾಂ ‘ನಾರ್ಮಲ್’ ಎಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುತ್ತಾರೆ. ಪಶ್ಚಿಮ ಬೆಂಗಳೂರಿನವರಿಗೆ ಅಷ್ಟು ದೂರದ ಮಾತಿಲ್ಲ. ಇ.ಎಸ್.ಐ. ಸೌಲಭ್ಯವಿರುವ ಗಾರ್ಮೆಂಟ್ಸ್ ಕೆಲಸದ ತಾಯಂದಿರಿಗೆ ರಾಜಾಜಿನಗರದಲ್ಲೇ ಇ.ಎಸ್.ಐ. ಆಸ್ಪತ್ರೆಯಿದೆ. ಆದರೆ ಕೆಂಗೇರಿಯಿಂದಾಗಲಿ ವಿಜಯನಗರದಿಂದಾಗಲಿ ಆಕೆ ಹೊರಟು ಬಂದರೆ ತಾನೇ ಇ.ಸಿ.ಜಿ. ತೆಗೆಯುವುದು? ‘ಅಡುಗೆ ಮುಗಿಸಿ ಹೋಗೋಣ’, ‘ಮಗಳ ಪರೀಕ್ಷೆ ಕಳೆಯಲಿ’ ಎಂಬ ಮಾತಿನಲ್ಲೇ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ವಿದ್ಯಾರ್ಥಿಗಳೇ, ನೀವು ಮಾಡಬಹುದಾದದ್ದು ಇಷ್ಟು. ಬಸುರಿನಲ್ಲಿ ರಕ್ತದೊತ್ತಡ ಏರಿತ್ತೇ, ಸಕ್ಕರೆ ಕಾಯಿಲೆ ಬಂದಿತ್ತೇ, ಮುಟ್ಟು ಬೇಗ ನಿಂತಿತೇ ಎಂದು ಅಮ್ಮನನ್ನು ಕೇಳಿ ಬರೆದಿಡಿ. ಇವೆಲ್ಲ ಮುಂದೆ ಹೃದ್ರೋಗದ ಅಪಾಯ ಹೆಚ್ಚಿಸುವ ಸಂಗತಿಗಳು. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಮೇಲಿನ ಲಕ್ಷಣಗಳು ದಿಢೀರನೆ ಕಾಣಿಸಿಕೊಂಡರೆ 108ಕ್ಕೆ ಕರೆ ಮಾಡಿ. ಮೊದಲ ಇ.ಸಿ.ಜಿ. ಸರಿಯಿದ್ದೂ ನೋವು ಮುಂದುವರಿದರೆ, ಮತ್ತೊಮ್ಮೆ ತೆಗೆಯಬೇಕೇ, ಟ್ರೋಪೋನಿನ್ ನೋಡಬೇಕೇ ಎಂದು ವಿನಯದಿಂದ ಕೇಳಿ. ಟ್ರೋಪೋನಿನ್ ಏರಲು ಕೆಲವು ಗಂಟೆ ಹಿಡಿಯುವುದರಿಂದ ಆ ಪರೀಕ್ಷೆಯನ್ನೂ ಎರಡನೇ ಸಲ ಮಾಡಬೇಕಾಗಬಹುದು.

ಅಪ್ಪಂದಿರಿಗೂ ಒಂದು ಮಾತು: ಆ ದಿನದ ಅಡುಗೆ ಕಾಯಬಲ್ಲದು, ಹೃದಯ ಕಾಯುವುದಿಲ್ಲ.