ಇಬ್ಬರ ವ್ಯಾನು, ಒಬ್ಬರ ಹೆಸರು

ಮುಂಬಯಿಯಲ್ಲಿ ನಮಗೊಂದು ಹಳೆಯ ಓಮ್ನಿ ಇತ್ತು. ನಮಗೆ ಎಂದರೆ ನನಗೂ ಪಕ್ಕದ ಮನೆಯ ರಾಯರಿಗೂ. ಅರ್ಧರ್ಧ ಹಣ ಹಾಕಿ ಕೊಂಡದ್ದು. ಹಿಂದೆ ಚಾಪೆ ಹಾಸಿದರೆ ಮಕ್ಕಳಿಗೆ ಮಲಗುವ ಕೋಣೆ, ಸ್ಟೌ ಇಟ್ಟರೆ ಅಡುಗೆಮನೆ. ಪನ್ವೇಲ್ ದಾಟಿದರೆ ಉಡುಪಿಯವರೆಗೆ ಅದೇ ಮನೆ.

ಮೇ ರಜೆ ಬಂದರೆ ಇಬ್ಬರಿಗೂ ಒಟ್ಟಿಗೇ ವ್ಯಾನು ಬೇಕು! ಪೆಟ್ರೋಲು ಓಡಿಸಿದವರದು, ಟೈರು ಇಬ್ಬರದು ಎಂದು ಡೈರಿಯಲ್ಲಿ ಬರೆದು ಹೇಗೋ ಸುಧಾರಿಸಿದೆವು. ಆದರೆ ಆರ್‌ಸಿ, ವಿಮೆ ಎರಡೂ ನನ್ನೊಬ್ಬನ ಹೆಸರಿನಲ್ಲಿ. ಒಂದು ಸಂಜೆ ರಾಯರ ಮಗ ಸೈಕಲ್ ಸವಾರನಿಗೆ ತಾಗಿಸಿದ. ಪರಿಹಾರದ ನೋಟಿಸು ಬಂದದ್ದು ನನಗೆ. ಹುಡುಗನಿಗೆ ಲೈಸೆನ್ಸ್ ಇತ್ತು, ವಿಮೆ ಚಾಲ್ತಿಯಲ್ಲಿತ್ತು, ಬಚಾವಾದೆವು. "ಓಡಾಟದ ಖರ್ಚೆಲ್ಲ ನನ್ನದು ಮಾರಾಯ್ರೆ" ಎಂದರು ರಾಯರು. ಹಾಗೆನ್ನದಿದ್ದರೆ?

1988ರ ಮೋಟಾರು ವಾಹನ ಕಾಯ್ದೆಗೆ ಸಾಮಾನ್ಯವಾಗಿ ನೋಂದಣಿಯಲ್ಲಿರುವ ಹೆಸರೇ ಮಾಲೀಕ. ವಾಹನ ಕೈ ಬದಲಾಗಿದ್ದರೂ ದಾಖಲೆ ಬದಲಾಗದಿದ್ದರೆ ಪರಿಹಾರದ ಹೊಣೆ ಆ ಹೆಸರಿನವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ರಾಯರ ಸ್ಥಿತಿಯೂ ಸುಖದ್ದಲ್ಲ. ನಾನು ವ್ಯಾನು ಮಾರಿದ್ದರೆ ತಮ್ಮ ಪಾಲಿಗೆ ಅವರು ಯಾವ ಕಾಗದ ತೋರಿಸಬೇಕಿತ್ತು?

ಆ ವಾರವೇ ಸ್ಟಾಂಪ್ ಪೇಪರ್ ತಂದು ಯಾರ ಹಣ ಎಷ್ಟು, ಯಾರು ಓಡಿಸಬಹುದು, ಒಬ್ಬರು ಬಿಟ್ಟರೆ ಬೆಲೆ ಕಟ್ಟುವುದು ಹೇಗೆ ಎಂದು ಬರೆದೆವು. ಇಬ್ಬರಿಗೂ ಮುಜುಗರವೇ. ವ್ಯಾನು ಮಾರಿದ ದಿನ ಅದೇ ಕಾಗದ ನೋಡಿ ಹಣ ಹಂಚಿಕೊಂಡೆವು. ಇಡ್ಲಿಯ ಬಿಲ್ಲು ಮಾತ್ರ ರಾಯರೇ ಕೊಟ್ಟರು.