ನಾಲ್ಕು ನಾಲ್ಕುಗಳಲ್ಲಿ ಸೋಮನಾಥಪುರ

ಕೈಯಲ್ಲಿರೋದು ನಾಲ್ಕೇ ಅಂಕಿ: 4, 4, 4, 4. ನಾಲ್ಕನ್ನೂ ಬಳಸಲೇಬೇಕು, ಬೇರೆ ಅಂಕಿ ಮುಟ್ಟೋ ಹಾಗಿಲ್ಲ. ಕೂಡಿ, ಕಳೆಯಿರಿ, ಗುಣಿಸಿ, ಭಾಗಿಸಿ, ಬೇಕಾದ ಸಂಖ್ಯೆ ಬರಿಸಿ. 1881ರಲ್ಲೇ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಒಗಟು ಇದು.

ಇದನ್ನ ಹಿಡ್ಕೊಂಡು ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಬನ್ನಿ. ಹೊಯ್ಸಳ ದಂಡನಾಯಕ ಸೋಮ ಕಟ್ಟಿಸಿದ, 1258ರಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯ. ಗರ್ಭಗುಡಿ ಮೂರು: ಕೇಶವ, ಜನಾರ್ದನ, ವೇಣುಗೋಪಾಲ. 3 ಬರಬೇಕಾ? ಮೂರು ನಾಲ್ಕು ಕೂಡಿಸಿ, ಉಳಿದ ನಾಲ್ಕರಿಂದ ಭಾಗಿಸಿ. ಸುತ್ತಲ ಕೈಸಾಲೆಯಲ್ಲಿ ಪುಟ್ಟ ಗುಡಿಗಳು 64. ನಾಲ್ಕು ನಾಲ್ಕು ಎಂಟು, ಇನ್ನೊಂದು ಜೋಡಿಯೂ ಎಂಟು. ಎಂಟೆಂಟ್ಲೆ ಅರವತ್ನಾಲ್ಕು.

ನನಗೆ ತುಂಬಾ ಇಷ್ಟವಾದದ್ದು ಗರ್ಭಗುಡಿಗಳ ನಕ್ಷೆ. ದೇವಾಲಯ ನಿಂತಿರುವ ಜಗತಿಯ ಮೇಲೆ ಸುತ್ತು ಹಾಕುವಾಗ ಗೋಡೆಯ ಮೂಲೆಗಳನ್ನ ಗಮನಿಸಿ: ಒಂದೊಂದು ಗರ್ಭಗುಡಿಯದೂ 16 ಮೂಲೆಯ ನಕ್ಷತ್ರ ವಿನ್ಯಾಸ. ಹಾಳೆ ಮೇಲೆ ನೀವೇ ಬರೆದು ನೋಡಿ. ಮೊದಲು ಒಂದು ಚೌಕ. ಅದೇ ನಡುಬಿಂದುವಿನ ಮೇಲೆ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಇನ್ನೊಂದು. ಹಾಗೇ ಮೂರನೆಯದು, ನಾಲ್ಕನೆಯದು. ಚೌಕಕ್ಕೆ ನಾಲ್ಕರಂತೆ ನಾಲ್ಕು ಚೌಕ: 4+4+4+4. ಹದಿನಾರು ಮೂಲೆ! ಒಗಟಿನ ಉತ್ತರವೇ ಇಲ್ಲಿ ಕಲ್ಲಿನ ಗೋಡೆಯಾಗಿ ನಿಂತಿದೆ.

ಒಂದರಿಂದ ಹತ್ತರವರೆಗೆ ಬರಿಸುತ್ತಾ ಹೋದರೆ 10 ಮಾತ್ರ ಸತಾಯಿಸುತ್ತೆ. ಎರಡು ನಾಲ್ಕನ್ನ ಪಕ್ಕಪಕ್ಕ ಇಟ್ಟು 44 ಮಾಡ್ಕೊಳ್ಳಿ. ಅದರಲ್ಲಿ 4 ಕಳೆದು, 4ರಿಂದ ಭಾಗಿಸಿ. ಬಂತಲ್ಲ!

ಈಗ ನಿಮ್ಮ ಸರದಿ. ಕೇಶವನಿಂದ ಶುರುವಾಗುವ ವಿಷ್ಣುವಿನ ನಾಮಗಳು 24. ಅದೇ ನಾಲ್ಕು ನಾಲ್ಕುಗಳಲ್ಲಿ 24 ಬರಿಸಿ, ಕಾಮೆಂಟಿನಲ್ಲಿ ಹಾಕಿ.